ಶಕಲ, ಸಕಲ, ನಡುವೆ ಒಂದಿಷ್ಟು ಗಾರೆ

ಸಕಲೇಶಪುರದ ಹೆಸರಿಗೆ ಎರಡು ಕತೆಗಳಿವೆ. ಒಂದು ಉಳ್ಳವರ ಕತೆ. ಕಾಫಿ, ಏಲಕ್ಕಿ, ಮೆಣಸು, ಭತ್ತ ಎಲ್ಲ ಬೆಳೆಯುವ, ಸಕಲ ಐಶ್ವರ್ಯವೂ ತುಂಬಿರುವ ಊರು, ಅದಕ್ಕೇ ಸಕಲೇಶಪುರ. ಇನ್ನೊಂದು ಕತೆ ಹೊಯ್ಸಳರದು. ಅವರು ಈ ಕಡೆ ಬಂದಾಗ ಹೇಮಾವತಿಯ ದಂಡೆಯಲ್ಲಿ ಒಂದು ಶಿವಲಿಂಗ ಸಿಕ್ಕಿತಂತೆ. ಅದು ಒಡೆದಿತ್ತಂತೆ. ಸಂಸ್ಕೃತದಲ್ಲಿ ಶಕಲ ಎಂದರೆ ಚೂರು, ತುಂಡು. ಹಾಗಾಗಿ ದೇವರು ಶಕಲೇಶ್ವರ, ಊರು ಶಕಲೇಶ್ವರಪುರ.

ಎರಡೂ ಕತೆಗಳೇ. ಆದರೆ ಆರಿಸಿಕೋ ಎಂದರೆ ನಾನು ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ಸಕಲ ಎಂದರೆ ಎಲ್ಲ ಕಲೆಗಳೂ, ಎಲ್ಲ ಭಾಗಗಳೂ ಕೂಡಿರುವುದು. ಶಕಲ ಎಂದರೆ ಅದರಿಂದ ಬಿದ್ದುಹೋದ ತುಣುಕು. ಇಷ್ಟು ದೂರದ ಎರಡು ಅರ್ಥಗಳ ನಡುವೆ ಇರುವುದು ಒಂದು ಶಕಾರ, ಒಂದು ಸಕಾರ. ನಮ್ಮ ಹಳ್ಳಿಯ ನಾಲಿಗೆಗೆ ಆ ವ್ಯತ್ಯಾಸವೂ ಇಲ್ಲ. ಬಸ್ಸಿನ ಕಂಡಕ್ಟರು 'ಸಕ್ಲೇಸ್‌ಪುರ' ಎಂದು ಕೂಗುವಾಗ ಚೂರನ್ನು ಕರೆದನೋ ಪೂರ್ಣವನ್ನು ಕರೆದನೋ ಹೇಳುವುದು ಹೇಗೆ?

ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು, ಅದನ್ನು ಹೊಳೆಗೆ ಬಿಡಬೇಕು ಎಂಬುದು ನಮ್ಮಲ್ಲಿ ಬಳಕೆಯ ಮಾತು. ಕತೆಯ ಲಿಂಗಕ್ಕೆ ಹೊಳೆ ಹತ್ತು ಹೆಜ್ಜೆಯಲ್ಲೇ ಇತ್ತು. ಬಿಡಲಿಲ್ಲ, ಗುಡಿ ಕಟ್ಟಿದರು. ತಾನಾಗಿ ಮೂಡಿದ್ದಕ್ಕೆ ಒಡಕಿನ ದೋಷವಿಲ್ಲ ಎಂಬ ರಿಯಾಯಿತಿಯೂ ಸಂಪ್ರದಾಯದಲ್ಲೇ ಇದೆ. ಒಡೆದದ್ದನ್ನು ತೆಗೆದು ಹೊಸದನ್ನು ಇಡು ಎನ್ನುವ ಮನಸ್ಸೂ, ಒಡೆದಿದ್ದರೂ ಇದೇ ಇರಲಿ ಎನ್ನುವ ಮನಸ್ಸೂ ನಮ್ಮಲ್ಲಿ ಒಟ್ಟಿಗೇ ಇವೆ. ಹಳೆಯ ಕಟ್ಟಡವನ್ನು ದುರಸ್ತಿ ಮಾಡಲು ಹೊರಟಾಗಲೆಲ್ಲ ಈ ಎರಡು ಮನಸ್ಸುಗಳು ಜಗಳಕ್ಕೆ ನಿಲ್ಲುತ್ತವೆ. ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ನಾವು ಮಾಡಿದ ಒಂದು ತಪ್ಪಿನಿಂದ.

ಆಲೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಒಂದು ಈಶ್ವರನ ಗುಡಿ ಇದೆ. ಚಿಕ್ಕದು. ಗರ್ಭಗುಡಿ, ಸುಕನಾಸಿ, ನಾಲ್ಕು ಕಂಬದ ಒಂದು ಮಂಟಪ. ಎರಡು ಮುಖದ ಕಲ್ಲುಕಟ್ಟಡ, ನಡುವೆ ಚಕ್ಕೆಕಲ್ಲು ಮತ್ತು ಮಣ್ಣು, ಸಂದುಗಳಿಗೆ ಸುಣ್ಣದ ಗಾರೆ. ಸುಮಾರು 20 ವರ್ಷದ ಕೆಳಗೆ ಊರವರೆಲ್ಲ ಸೇರಿ ಅದಕ್ಕೆ ಜೀರ್ಣೋದ್ಧಾರ ಮಾಡಿದೆವು. ಉದುರುತ್ತಿದ್ದ ಗಾರೆಯನ್ನೆಲ್ಲ ಕೆರೆದು ಸಂದಿಗೆ ಸಿಮೆಂಟು ತುಂಬಿಸಿದೆವು. ಒಳಗೋಡೆಗೆ ಸಿಮೆಂಟಿನ ಗಿಲಾವು, ಅದರ ಮೇಲೆ ಆಯಿಲ್ ಪೇಂಟು. ಮಾಡಿದೆವು ಎಂಬ ಬಹುವಚನದಲ್ಲಿ ನಾನೂ ಇದ್ದೇನೆ. ಆವತ್ತು ಬಂದಿಳಿದ ಮೂಟೆಗಳಲ್ಲಿ ಹತ್ತು ನಮ್ಮ ಮನೆಯ ಲೆಕ್ಕದವು. ಮಂಟಪದ ಗೋಡೆಗೆ ಕೂರಿಸಿದ ಅಮೃತಶಿಲೆಯ ಹಲಗೆಯಲ್ಲಿ ದಾನಿಗಳ ಪಟ್ಟಿಯ ಮೂರನೆಯ ಸಾಲು ನಮ್ಮ ತಂದೆಯವರ ಹೆಸರು.

ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಬೆವರತೊಡಗಿತು. ಪೇಂಟು ಗುಳ್ಳೆಯೆದ್ದು ಸಿಪ್ಪೆಯಾಯಿತು. ಉಪ್ಪು ಹೂವಿನಂತೆ ಅರಳಿತು. ಕೊನೆಗೆ ಸಿಮೆಂಟಿನ ಗೆರೆಗಳು ಹಾಗೆಯೇ ನಿಂತು, ಅವುಗಳ ಅಂಚಿನಲ್ಲಿದ್ದ ಕಲ್ಲೇ ಪದರುಪದರಾಗಿ ಉದುರಿತು. ದುರಸ್ತಿ ಗಟ್ಟಿಯಾಗಿತ್ತು, ದುರಸ್ತಿಗೊಳಗಾದದ್ದು ಸವೆಯುತ್ತಿತ್ತು. ಬೇರೆ ಬೇರೆಯವರಿಗೆ ತೋರಿಸಿ, ಬೇರೆ ಬೇರೆ ಕೆಮಿಕಲ್ಲುಗಳ ಹೆಸರು ಕೇಳಿ, ಕಡೆಗೆ ತಂದೆಯ ಕಾಲದಿಂದ ಗಾರೆಯ ಕೆಲಸ ಬಲ್ಲ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆತಂದೆವು. ಅವರು ಗೋಡೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತರು.

"ಗೋಡೆ ಒಳಕ್ಕೆ ನೀರು ಹೋಗೋದನ್ನ ಯಾರೂ ನಿಲ್ಸಕ್ಕಾಗಲ್ಲ ಸ್ವಾಮಿ," ಅಂದರು. "ಆಚೆಗೆ ಬರೋದನ್ನ ಮಾತ್ರ ನೀವೆಲ್ಲ ಸೇರ್ಕಂಡು ನಿಲ್ಸಿದೀರಿ."

ಗಾರೆ ಎಂಬ ಮಾತಿನ ಹತ್ತಿರ ಒಂದು ಕ್ಷಣ ನಿಲ್ಲಬೇಕು. ಇವತ್ತಿಗೂ ನಾವು ಮನೆ ಕಟ್ಟುವವರನ್ನು ಗಾರೆ ಕೆಲಸದವರು ಎನ್ನುತ್ತೇವೆ. ಅವರಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆಯೂ ಗಾರೆ ಮುಟ್ಟಿಲ್ಲ. ಸುಣ್ಣ, ಮರಳು, ಇಟ್ಟಿಗೆಪುಡಿಯ ಸುರ್ಕಿ, ಬೆಲ್ಲದ ನೀರು, ನೆನೆಹಾಕಿದ ಅಳಲೆಕಾಯಿಯ ರಸ, ಇವನ್ನು ಗಾಣದಲ್ಲಿ ಎತ್ತು ಸುತ್ತಿಸಿ ಅರೆದದ್ದು ಗಾರೆ. ಪದಾರ್ಥ ಹೋಯಿತು, ಗಾಣ ಹೋಯಿತು, ಎತ್ತು ಹೋಯಿತು. ಹೆಸರು ಮಾತ್ರ ಕೆಲಸದವರ ಬೆನ್ನಿಗೆ ಅಂಟಿಕೊಂಡು ಉಳಿಯಿತು. ಕೈ ಮರೆತದ್ದನ್ನು ಭಾಷೆ ನೆನಪಿಟ್ಟುಕೊಂಡಿರುವುದು ಹೀಗೆ, ಯಾರೂ ಕೇಳದ ಸಾಕ್ಷಿಯ ಹಾಗೆ.

ಸುಣ್ಣದ ಬದುಕೇ ಒಂದು ಸುತ್ತು. ಸುಣ್ಣದ ಕಲ್ಲನ್ನೋ ಕಡಲ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಉಳಿದದ್ದು ಸುಟ್ಟ ಸುಣ್ಣ. ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣ ಎಂದೇ ಅದರ ಹೆಸರು, ಹೂವಿಗೆ ಹೇಳುವ ಮಾತನ್ನೇ ಇದಕ್ಕೂ ಹೇಳಿದ್ದಾರೆ. ಅದನ್ನು ಗಾರೆ ಮಾಡಿ ಸಂದಿಗೆ ತುಂಬಿದ ಮೇಲೆ ಅದು ನಿಧಾನವಾಗಿ, ವರ್ಷಗಟ್ಟಲೆ, ಗೂಡಿನಲ್ಲಿ ಕಳೆದುಕೊಂಡದ್ದನ್ನು ಗಾಳಿಯಿಂದ ಮರಳಿ ಪಡೆಯುತ್ತದೆ. ಮತ್ತೆ ಕಲ್ಲಾಗುತ್ತದೆ. ಅಂದರೆ ಗಾರೆ ಹಾಕುವುದೆಂದರೆ ಕಲ್ಲು ಮತ್ತು ಕಲ್ಲಿನ ನಡುವೆ ಇನ್ನೊಂದು ಕಲ್ಲು ತನ್ನಷ್ಟಕ್ಕೆ ಹುಟ್ಟಲು ಜಾಗ ಮಾಡಿಕೊಡುವುದು. ಸಿಮೆಂಟು 28 ದಿನಗಳಲ್ಲಿ ತನ್ನ ಬಲದ ಬಹುಪಾಲನ್ನು ತೋರಿಸಿಬಿಡುತ್ತದೆ. ಗಾರೆಗೆ ಆ ಅವಸರವಿಲ್ಲ. ಸಣ್ಣ ಬಿರುಕು ಬಿಟ್ಟರೆ ಒಳಸೇರಿದ ನೀರು ಒಂದಿಷ್ಟು ಸುಣ್ಣವನ್ನು ಕರಗಿಸಿ ಆ ಬಿರುಕಿನಲ್ಲೇ ಬಿಟ್ಟುಹೋಗುವುದೂ ಉಂಟು. ಗೋಡೆ ತನ್ನ ಗಾಯವನ್ನು ತಾನೇ ಹೊಲಿದುಕೊಳ್ಳುತ್ತದೆ. ಬರೀ ಸುಣ್ಣ ನಮ್ಮ ಮಲೆನಾಡಿನ ಮಳೆಗೆ ತೊಳೆದುಹೋಗುತ್ತದೆ ಎಂಬುದೂ ನಿಜವೇ. ಸುರ್ಕಿ ಸೇರಿಸುವುದು ಅದಕ್ಕೆ. ರೋಮಿನವರು ಜ್ವಾಲಾಮುಖಿಯ ಬೂದಿಯಿಂದ ಪಡೆದದ್ದನ್ನು ನಮ್ಮವರು ಇಟ್ಟಿಗೆಯ ಪುಡಿಯಿಂದ ಪಡೆದರು.

ಮೇಸ್ತ್ರಿಯ ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಸಂದಿನ ಸಿಮೆಂಟನ್ನು ಚಾಣ ಹಿಡಿದು ಬಿಡಿಸುತ್ತ ಅವರು ಹೇಳಿದ್ದು: "ಕಲ್ಲಿಗೂ ಗಾರೆಗೂ ಜಗಳ ಬಿದ್ರೆ ಗಾರೆ ಸೋಲ್ಬೇಕು. ಗಾರೆ ಗೆದ್ರೆ ಗೋಡೆ ಹೋಯ್ತು ಅಂತ್ಲೇ ಲೆಕ್ಕ."

ನಾವು ದುರಸ್ತಿಯನ್ನು ಗಟ್ಟಿಮಾಡುವುದು ಎಂದುಕೊಂಡಿದ್ದೇವೆ. ಮುರಿದ ಜಾಗ ಇನ್ನೆಂದೂ ಮುರಿಯಬಾರದು, ಅಲ್ಲಿ ಮಿಕ್ಕೆಲ್ಲದಕ್ಕಿಂತ ಬಲ ಇರಬೇಕು ಎಂಬುದು ನಮ್ಮ ಹಟ. ಹಳೆಯ ಗೋಡೆಯ ವಿವೇಕ ಇದಕ್ಕೆ ತಿರುಗುಮುರುಗು. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ಮಳೆಗೆ ನೆಂದು ತೂಗುತ್ತದೆ, ಅಡಿಪಾಯ ಒಂದು ಕೂದಲೆಳೆ ಕುಸಿಯುತ್ತದೆ. ಈ ಎಲ್ಲ ಚಲನೆಯನ್ನು ಯಾರೋ ನುಂಗಿಕೊಳ್ಳಬೇಕು. ಗಾರೆ ನುಂಗಿಕೊಂಡು, ನೀರಿಗೆ ದಾರಿಬಿಟ್ಟು, ಉಪ್ಪನ್ನು ತನ್ನ ಮೇಲೆ ಎಳೆದುಕೊಂಡು ಉದುರುತ್ತದೆ. ಅದು ಉದುರಿದರೆ ಮತ್ತೆ ತುಂಬಬಹುದು, ಕಲ್ಲು ಉದುರಿದರೆ ತುಂಬುವುದು ಯಾವುದರಿಂದ? ಈ ಮಾತನ್ನು ಮನೆತನಗಳಿಗೆ, ಊರುಗಳಿಗೆ ಹೊಂದಿಸಿ ನೋಡುವ ಆಸೆಯಾಗುತ್ತದೆ. ಪ್ರತಿ ಕೂಡುಕುಟುಂಬದಲ್ಲೂ ಗಾರೆಯಾಗಿ ಸವೆದ ಒಬ್ಬ ಅತ್ತೆಯೋ ಚಿಕ್ಕಪ್ಪನೋ ಇರುತ್ತಾರಲ್ಲವೆ. ಆದರೆ ಇಲ್ಲಿ ಎಚ್ಚರ ಬೇಕು. ಉದುರಿದ ಸಂದನ್ನು ಕಾಲಕಾಲಕ್ಕೆ ತುಂಬುವ ಕೈ ಇದ್ದಾಗ ಮಾತ್ರ ಗಾರೆಯ ಸೋಲಿಗೆ ಅರ್ಥ. ಆ ಕೈ ಇಲ್ಲದೆ ಬರೀ ಸೋಲನ್ನು ಹೊಗಳುವುದು ಮೋಸ. ಎಷ್ಟೋ ಅತ್ತೆಯಂದಿರಿಗೆ ಆದದ್ದು ಅದೇ.

ತುಂಬುವ ಕೈಯ ವಿಚಾರಕ್ಕೆ ಬಂದರೆ ನಮ್ಮ ಶಾಸನಗಳು ಹೇಳುವಷ್ಟು ನೇರವಾಗಿ ಬೇರೆ ಯಾರೂ ಹೇಳಿಲ್ಲ. ಗುಡಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ ಅಂಗಭೋಗ, ರಂಗಭೋಗಗಳ ಜೊತೆಗೆ ಮತ್ತೆ ಮತ್ತೆ ಬರುವ ಒಂದು ಪದಪುಂಜವಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಇಂಥ ಊರಿನ ಇಷ್ಟು ಗದ್ದೆಯ ಹುಟ್ಟುವಳಿ ಇದಕ್ಕೆ ಎಂದು ಬರೆದಿಡುತ್ತಿದ್ದರು. ಎಷ್ಟೋ ಸಲ ಇದನ್ನು ಬರೆಸುತ್ತಿದ್ದದ್ದು ಗುಡಿ ಹಳತಾದ ಮೇಲಲ್ಲ. ಕಳಶ ಏರಿ, ಕಲ್ಲಿನ ಮೇಲೆ ಉಳಿಯ ಗುರುತು ಇನ್ನೂ ಹಸಿಯಾಗಿರುವಾಗ, ಮುಂದೆ ಬರಲಿರುವ ಬಿರುಕಿನ ಹೆಸರಿಗೆ ಗದ್ದೆ ಬರೆದರು! ಕಟ್ಟಿದವನ ಜಂಬ ಎಷ್ಟೇ ದೊಡ್ಡದಿದ್ದರೂ, ಸೂರ್ಯಚಂದ್ರರಿರುವವರೆಗೆ ಎಂದು ಬರೆಸಿಕೊಂಡರೂ, ಅದೇ ಕಲ್ಲಿನಲ್ಲಿ ಇದು ಒಡೆಯುತ್ತದೆ ಎಂದೂ ಒಪ್ಪಿಕೊಂಡಿದ್ದಾನೆ. ನಮ್ಮ ಅಮೃತಶಿಲೆಯ ಹಲಗೆಯಲ್ಲಿ ಮೂವತ್ತು ಚಿಲ್ಲರೆ ದಾನಿಗಳಿದ್ದೇವೆ. ಬಿರುಕಿಗೆಂದು ಕೊಟ್ಟವರು ಒಬ್ಬರೂ ಇಲ್ಲ.

ವಿಲಿಯಂ ಮಾರಿಸ್ ಲಂಡನ್ನಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು 1877ರಲ್ಲಿ. ಚರ್ಚುಗಳನ್ನು ಮೂಲಕ್ಕೆ ಮರಳಿಸುತ್ತೇವೆ ಎಂದು ಹೊರಟವರು ನಡುವಿನ ಶತಮಾನಗಳನ್ನೆಲ್ಲ ಕೆರೆದು ಹಾಕುತ್ತಿದ್ದಾರೆ, ಅದನ್ನು ಬಿಟ್ಟು ದಿನದಿನದ ಆರೈಕೆಯಿಂದ ಸವೆತವನ್ನು ತಡೆಯಿರಿ ಎಂದು ಆತನ ವಾದ. ಜಾನ್ ಮಾರ್ಷಲ್ 1923ರಲ್ಲಿ ನಮ್ಮ ಪುರಾತತ್ವ ಇಲಾಖೆಗೆ ಬರೆದ ಕೈಪಿಡಿಯಲ್ಲೂ ಇದೇ ಧಾಟಿ. 1964ರ ವೆನಿಸ್ ಸನ್ನದು ಇನ್ನೂ ಒಂದು ಗೆರೆ ಎಳೆಯಿತು: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಪುನರುಜ್ಜೀವನದ ಕೆಲಸ ನಿಲ್ಲಬೇಕು. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಅವು ನೋಡುವ ಕಣ್ಣಿಗೆ ಹೇಳಿದವು. ಪೂಜೆ ನಡೆಯುವ ಗುಡಿಯಲ್ಲಿ ಮೂಗು ಮುರಿದ ದ್ವಾರಪಾಲಕನನ್ನು ಹಾಗೇ ಬಿಡಿ ಎಂದರೆ ಊರವರು ಒಪ್ಪುವುದು ಕಷ್ಟ. ಘಟ್ಟದ ಕೆಳಗೆ ಧರ್ಮಸ್ಥಳದವರು 1991ರಲ್ಲಿ ಆರಂಭಿಸಿದ ಧರ್ಮೋತ್ಥಾನ ಟ್ರಸ್ಟು ರಾಜ್ಯದುದ್ದಕ್ಕೂ ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಅಲ್ಲಿ ಸರಕಾರದ ಹಣದ ಜೊತೆಗೆ ಊರವರ ಪಾಲೂ ಸೇರುತ್ತದೆ. ಕುಸಿದ ಗುಡಿಯ ಕಲ್ಲುಗಳಿಗೆ ಒಂದೊಂದಾಗಿ ಅಂಕಿ ಬರೆದು ಇಳಿಸಿ, ಅಡಿಪಾಯ ಸರಿಮಾಡಿ, ಅದೇ ಅಂಕಿಯ ಕ್ರಮದಲ್ಲಿ ಮತ್ತೆ ಏರಿಸುವ ಕೆಲಸವನ್ನು ನೋಡುವಾಗ ನನಗೆ ಏನೋ ಒಂದು ಸಂಕೋಚವಾಗುತ್ತದೆ. ಎಂಟು ನೂರು ವರ್ಷ ದೇವರ ತಲೆಯ ಮೇಲಿದ್ದ ತೊಲೆಯೊಂದು ಮೈಮೇಲೆ ಅಂಕಿ ಬರೆಸಿಕೊಂಡು ಹುಲ್ಲಿನಲ್ಲಿ ಮಲಗಿರುತ್ತದೆ, ಆಸ್ಪತ್ರೆಯ ಹಾಸಿಗೆಯ ರೋಗಿಯಂತೆ.

ಹಾಗಾದರೆ ಪೂರ್ಣವೆಂದರೆ ಯಾವ ಕಾಲದ ಪೂರ್ಣ? ಬೇಲೂರನ್ನೇ ನೋಡಿ. 1117ರ ಗುಡಿ. ಅದರ ಸುಟ್ಟುಹೋದ ಮಹಾದ್ವಾರವನ್ನು 1397ರಲ್ಲಿ ಗುಂಡನೆಂಬ ವಿಜಯನಗರದ ದಂಡನಾಯಕ ಮತ್ತೆ ಕಟ್ಟಿಸಿದ. ಹೊಯ್ಸಳರ ಬಳಪದ ಕಲ್ಲಿನ ಗುಡಿಗೆ ನಾವು ಇವತ್ತು ಒಳಹೋಗುವುದು ಆ ದುರಸ್ತಿಯ ಕೆಳಗಿನಿಂದ. ಗರ್ಭಗುಡಿಯ ಮೇಲಿದ್ದ ಶಿಖರವನ್ನು, ಕೆಳಗಿನ ಕಟ್ಟಡವಾದರೂ ಉಳಿಯಲಿ ಎಂದು, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಳಿಸಿದರು. ಶಿಖರವಿಲ್ಲದ ಬೇಲೂರನ್ನೇ ನೋಡಿ ಬೆಳೆದ ನಮಗೆ ಅಲ್ಲಿ ಏನೋ ಇಲ್ಲ ಎಂದು ಅನಿಸುವುದೇ ಇಲ್ಲ. 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಶಿಖರವಿಲ್ಲದೆಯೇ. ಶಕಲವನ್ನು ಸಾಕಷ್ಟು ಕಾಲ ನೋಡಿದ ಕಣ್ಣಿಗೆ ಅದೇ ಸಕಲ.

ಊಹೆಯೇ ಬೇಡದ ಕಟ್ಟಡವೂ ಒಂದಿದೆ, ಸಕಲೇಶಪುರದಿಂದ ಐದಾರು ಕಿಲೋಮೀಟರು ದೂರದ ದೋಣಿಗಲ್ಲಿನ ಗುಡ್ಡದ ಮೇಲೆ. ಟಿಪ್ಪು ಸುಲ್ತಾನನ ಮಂಜರಾಬಾದ್ ಕೋಟೆ. ಫ್ರಾನ್ಸಿನ ವೋಬಾನ್ ರೂಪಿಸಿದ ಮಾದರಿಯ ಎಂಟು ಮೂಲೆಯ ನಕ್ಷತ್ರ. ಹೊರಗೋಡೆಗೆ ಕಗ್ಗಲ್ಲು, ಒಳಗಿನ ಕಟ್ಟಡಗಳಿಗೆ ಇಟ್ಟಿಗೆ ಗಾರೆ, ನಡುವೆ ಶಿಲುಬೆಯಾಕಾರದ ಕೊಳ. ಮುಗಿದದ್ದು 1792ರಲ್ಲಿ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟದ್ದೂ ಅದೇ ವರ್ಷ. ಪೂರ್ಣವಾದ ಕೋಟೆಯೊಂದು ತುಂಡಾದ ರಾಜ್ಯಕ್ಕೆ ಸಿಕ್ಕಿತು. ಪ್ರವೇಶದ್ವಾರದ ಒಳಚಾವಣಿಯಲ್ಲಿ ಇಡೀ ಕೋಟೆಯ ನಕ್ಷೆ ಇದೆ. ತಲೆಯೆತ್ತಿ ನೋಡಿದರೆ, ನಿಂತಿರುವ ಜಾಗವೇ ಮೇಲೆ ಅಂಗೈಯಗಲವಾಗಿ ಕಾಣುತ್ತದೆ. ಎಲ್ಲ ಬಿದ್ದುಹೋದರೂ ಆ ಚಾವಣಿಯೊಂದು ಉಳಿದರೆ ಸಾಕು, ಕೋಟೆಯನ್ನು ಮತ್ತೆ ಎಬ್ಬಿಸಬಹುದು. ಆದರೂ ಅಲ್ಲಿ ನಿಂತಾಗ ನನಗೆ ಎಬ್ಬಿಸುವ ಆಸೆಯಾಗಲಿಲ್ಲ. ನಕ್ಷೆ ಕೊಡುವುದು ಆಕಾರವನ್ನು. ಇಟ್ಟಿಗೆಯ ಮೇಲೆ ಹಸಿ ಗಾರೆ ಬಳಿದ ಕೈಯ ಬೀಸನ್ನು ಅದು ಎಲ್ಲಿಂದ ಕೊಟ್ಟೀತು? ಆ ಬೀಸಿನ ಗುರುತುಗಳ ಮೇಲೆ ಈಗ ಬೀಗದ ಕೀಲಿಯಲ್ಲಿ ಕೊರೆದ ಪ್ರೇಮಿಗಳ ಹೆಸರುಗಳಿವೆ. ಹೊಸ ಗಿಲಾವು ಬಳಿದು ಅವನ್ನು ಮುಚ್ಚಿದರೆ ಕೆಳಗಿನ ಕೈಯೂ ಮುಚ್ಚಿಹೋಗುತ್ತದೆ. ಇಂಥ ಕಡೆ ಏನೂ ಮಾಡದಿರಲು ಬೇಕಾದ ಧೈರ್ಯ, ಮಾಡಲು ಬೇಕಾದದ್ದಕ್ಕಿಂತ ಹೆಚ್ಚು.

ಏನೂ ಮಾಡದಿರುವುದು ಎಷ್ಟು ದೂರ ಸರಿ ಎಂಬ ಪ್ರಶ್ನೆಗೆ ಹೇಮಾವತಿಯೇ ಇನ್ನೊಂದು ಉದಾಹರಣೆ ಇಟ್ಟಿದ್ದಾಳೆ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ, ಸಕಲೇಶ್ವರನ ಗುಡಿಯ ಮಗ್ಗುಲಿನಲ್ಲಿ ಹಾದು, ಆಲೂರಿನ ಕಡೆಗೆ ಬರುವಷ್ಟರಲ್ಲಿ ಅವಳು ಹೊಳೆಯಾಗಿ ಉಳಿಯುವುದಿಲ್ಲ, ಗೊರೂರಿನ ಅಣೆಕಟ್ಟಿನ ಹಿನ್ನೀರಾಗುತ್ತಾಳೆ. ಆ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚು ನಿಂತಿದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಕೋಳಿಮೊಟ್ಟೆ ಬೆರೆಸಿದ್ದರು ಎಂದು ಜನ ಹೇಳುತ್ತಾರೆ. ಅಣೆಕಟ್ಟು ಎದ್ದು 1979ರ ಹೊತ್ತಿಗೆ ನೀರು ನಿಂತಾಗ ಊರು ಬೇರೆ ಕಡೆಗೆ ಎದ್ದುಹೋಯಿತು, ಚರ್ಚು ಹೋಗಲಾರದೆ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಮಳೆಗಾಲ ಮುಳುಗುತ್ತದೆ, ಪ್ರತಿ ಬೇಸಗೆ ಏಳುತ್ತದೆ. ಗೋಡೆಗೆ ಇದಕ್ಕಿಂತ ಕ್ರೂರವಾದ ಪರೀಕ್ಷೆ ಇಲ್ಲ. ನೀರಿನೊಳಗೇ ಇದ್ದುಬಿಟ್ಟರೆ ಬದುಕೀತು, ನೆನೆದು ಒಣಗಿ ಮತ್ತೆ ನೆನೆಯುವುದರಲ್ಲೇ ಸಾವಿರುವುದು. ಚಾವಣಿ ಹೋಗಿದೆ, ಗೋಡೆಯ ಭಾಗಗಳು ಬಿದ್ದಿವೆ. ಕಮಾನುಗಳು ಮಾತ್ರ ಆಕಾಶವನ್ನು ಹಿಡಿದುಕೊಂಡು ನಿಂತಿವೆ. ವಾರದ ಕೊನೆಗೆ ಕ್ಯಾಮೆರಾದವರು ಬರುತ್ತಾರೆ, ಮದುವೆಯ ಮುಂಚಿನ ಫೋಟೋಗಳಿಗೆ.

ಇದನ್ನು ದುರಸ್ತಿ ಮಾಡಬೇಕೇ? ಮಾಡಿದರೆ ಯಾರಿಗೆ? ಪ್ರಾರ್ಥಿಸುವವರು ಇಲ್ಲಿಲ್ಲ. ನೀರನ್ನು ದೂರವಿಡಲು ಸುತ್ತ ಕಟ್ಟೆ ಕಟ್ಟಿದರೆ ಚರ್ಚು ಉಳಿದೀತು, ಆದರೆ ಜನ ನೋಡಲು ಬರುವುದು ನೀರಿನಲ್ಲಿ ನಿಂತದ್ದನ್ನು. ಹಾಗೆಂದು ಅದರ ಸಾವನ್ನು ಸುಂದರ ಎಂದು ನೋಡುತ್ತ ಕೂರುವುದು ನನಗೆ ಹಿಡಿಸುವುದಿಲ್ಲ. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರಿಗೆ ಆ ಗೋಡೆಗಳು ಫೋಟೋ ಅಲ್ಲ. ಮುಳುಗಿದ್ದೆಲ್ಲದರ ಪರವಾಗಿ ವರ್ಷಕ್ಕೊಮ್ಮೆ ಎದ್ದು ನಿಲ್ಲುವ ಒಂದೇ ಒಂದು ಸಾಕ್ಷಿ ಅದು. ಸಾಕ್ಷಿ ಕುಸಿಯದಂತೆ ಆನಿಸಿ ಹಿಡಿಯುವುದು, ಸಡಿಲಾದ ಕಮಾನಿನ ಕಲ್ಲಿಗೆ ಒಂದಿಷ್ಟು ಗಾರೆ, ಬೇರು ಬಿಟ್ಟ ಗಿಡವನ್ನು ಚಿಕ್ಕದಿರುವಾಗಲೇ ಕೀಳುವುದು, ಇಷ್ಟನ್ನಾದರೂ ಮಾಡಬಹುದು. ಹೊಸ ಚಾವಣಿ ಬೇಡ. ಸ್ಥಾವರ ಜಂಗಮದ ಮಾತು ತೆಗೆಯದೆ ಕನ್ನಡದಲ್ಲಿ ಇಂಥ ಲೇಖನ ಮುಗಿಯಬಾರದು ಎಂದು ಗೊತ್ತು. ಆದರೆ ಶೆಟ್ಟಿಹಳ್ಳಿಯಲ್ಲಿ ಅದು ಅಡಿಮೇಲಾಗಿದೆ. ಜನರೆಲ್ಲ ಹೊಸ ಊರಿನಲ್ಲಿ ಕಾಂಕ್ರೀಟಿನ ಮನೆ ಕಟ್ಟಿ ನೆಲೆ ನಿಂತರು, ಏರುತ್ತ ಇಳಿಯುತ್ತ ಇರುವುದು ಚರ್ಚೇ.

ಅದೇ ನೀರು ಮುಂದೆ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿ ಅದನ್ನು ಹಿಡಿದು ನಿಲ್ಲಿಸಿರುವುದು ಸಿಮೆಂಟಲ್ಲ. 1911ರಲ್ಲಿ ಶುರುವಾದ ಆ ಅಣೆಕಟ್ಟಿನ ಕಲ್ಲುಗಳ ನಡುವೆ ಇರುವುದು ಸುರ್ಕಿ ಗಾರೆ. ಗಾರೆ ದುರ್ಬಲ ಎಂದುಕೊಂಡು ನಮ್ಮ ಪುಟ್ಟ ಗುಡಿಗೆ ಹತ್ತು ಮೂಟೆ ಸಿಮೆಂಟು ಕೊಟ್ಟೆವಲ್ಲ ಎಂದು ಅಲ್ಲಿಗೆ ಹೋದಾಗಲೆಲ್ಲ ನಗು ಬರುತ್ತದೆ.

ಈ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಮೇಸ್ತ್ರಿ ಕೆಲಸ ಹಿಡಿದರು. ಮಳೆ ಬರುವ ಮುಂಚೆ ಗಾರೆ ಒಂದು ಹದಕ್ಕೆ ಬರಬೇಕು, ಆದರೆ ಅವಸರವಾಗಿ ಒಣಗಲೂಬಾರದು, ಒಣಗಿದರೆ ಪುಡಿಯಾಗುತ್ತದೆ. ಹಾಗಾಗಿ ಹೊಸ ಸಂದುಗಳ ಮೇಲೆ ಗೋಣಿಚೀಲ ಹೊದಿಸಿ, ಹೊತ್ತುಹೊತ್ತಿಗೆ ನೀರು ಚಿಮುಕಿಸುತ್ತಿದ್ದರು. ಒಂದು ಬೆಳಿಗ್ಗೆ ನಾನು ಹೋದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗುಡಿ ಕಾಣುವ ಮೊದಲು ಕರಣೆಯ ಸದ್ದು ಕೇಳಿಸಿತು. ಕೊಡಪಾನ ಖಾಲಿ ಬಿದ್ದಿತ್ತು.

"ಇವತ್ತು ನೀರು ಬ್ಯಾಡ ಬುಡಿ ಸ್ವಾಮಿ," ಅಂದರು. "ಅದೇ ನೋಡ್ಕತದೆ."

ಆಮೇಲೆ ಅಮೃತಶಿಲೆಯ ಹಲಗೆಯ ಕಡೆ ಕೈ ತೋರಿಸಿದರು. ಅದರ ಹಿಂದೆಯೂ ಸಿಮೆಂಟೇ, ಅಲ್ಲೂ ನೀರು ಕಟ್ಟಿಕೊಂಡಿದೆ, ಏನು ಮಾಡಲಿ ಎಂದು ಕೇಳಿದರು. ತೆಗೆಯಿರಿ ಅಂದೆ. ಎಷ್ಟು ಜೋಪಾನವಾಗಿ ಚಾಣ ಹಾಕಿದರೂ ಅದು ಎರಡು ತುಂಡಾಗಿ ಬಂತು, ಮೂರನೆಯ ಸಾಲಿನ ಮೇಲೇ ಬಿರುಕು ಹಾದು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ದೊಡ್ಡ ತುಂಡನ್ನು ಎತ್ತಿ, ಹಿಂದುಮುಂದು ತಿರುಗಿಸಿ, "ಇದೂ ಸುಣ್ಣದ ಕಲ್ಲೇ ಅಲ್ವ," ಎಂದು, ಮಂಜು ಬೀಳದ ಹಾಗೆ ಸುಣ್ಣದ ತೊಟ್ಟಿಯ ಮೇಲೆ ಮುಚ್ಚಿದರು.